ಗಡಿನಾಡಿನಲ್ಲಿ ಗುಟ್ಟು ಕೇಳಲು ಭಾಷೆ ಇಲ್ಲ

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ಡ್ರಗ್ಸ್ ಚುಚ್ಚಿಕೊಂಡರೆ ಹಾರ್ಟಿಗೇ ಇನ್‌ಫೆಕ್ಷನ್ ಆಗುತ್ತಂತೆ, ನಿಜವಾ? ನಿಮ್ಮ ಮಂಗಳೂರಿಗೆ ಎಲ್ಲ ಕೇರಳದವರೇ ತರೋದಲ್ವಾ?’ ಅಂತ. ಎರಡನೆಯದಕ್ಕೆ ಮೊದಲು ಉತ್ತರ. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು 37 ಕೆಜಿಗೂ ಹೆಚ್ಚು ಎಂಡಿಎಂಎ ಅನ್ನುವ ಡ್ರಗ್ಸ್ ಹಿಡಿದರು. ಅದು ಸಿಕ್ಕಿದ್ದು ನಿಮ್ಮ ಬೆಂಗಳೂರಿನಲ್ಲಿ, ಮಾರಾಯ. ಇನ್ನು ಕೇರಳದವರು ಅಂದರೆ ಆ ಲೆಕ್ಕದಲ್ಲಿ ನಾನೂ ಬಂದೆ. ಮನೆ ಗಡಿಯಾಚೆ ಕೇರಳದ ಮಂಜೇಶ್ವರ, ಕೆಲಸ ಮಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದವರು ನಮ್ಮಜ್ಜನನ್ನು ಕೇಳಿ ಎಳೆದದ್ದಲ್ಲ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿಯಲ್ಲಿ ರೋಗಿಗಳನ್ನು ತಡೆದಾಗಲೂ ಯಾರೂ ಕೇಳಲಿಲ್ಲ. ಇರಲಿ, ಅದನ್ನು ಶುರು ಮಾಡಿದರೆ ಮುಗಿಯುವುದಿಲ್ಲ.

ಮೊದಲ ಪ್ರಶ್ನೆಗೆ ಬರುತ್ತೇನೆ. ಹೌದು, ನಿಜ. ಹೆಸರು ಎಂಡೋಕಾರ್ಡೈಟಿಸ್. ಚರ್ಮದ ಮೇಲೆ ಸುಮ್ನೆ ಕೂತಿರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಇಳಿಯುತ್ತದೆ. ಕೈಯಿಂದ ಹೊರಟ ರಕ್ತ ಮೊದಲು ಹೋಗುವುದು ಹೃದಯದ ಬಲಭಾಗಕ್ಕೆ, ಹಾಗಾಗಿ ಹೆಚ್ಚಾಗಿ ಅಲ್ಲಿನ ಟ್ರೈಕಸ್ಪಿಡ್ ಕವಾಟದಲ್ಲೇ ಅದು ಮನೆ ಮಾಡುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವಾಗ ಪರದೆ ಮೇಲೆ ನೋಡಬೇಕು ನೀನು. ಕವಾಟ ತೆರೆದು ಮುಚ್ಚಿದಂತೆಲ್ಲ ತುದಿಯಲ್ಲಿ ಒಂದು ಮುದ್ದೆ ಆಚೆ ಈಚೆ ಓಲಾಡುತ್ತಿರುತ್ತದೆ, ದೋಣಿಯ ಹಗ್ಗಕ್ಕೆ ಸಿಕ್ಕಿದ ಪಾಚಿಯ ಹಾಗೆ. ಅದರ ಚೂರು ಕಿತ್ತುಬಂದರೆ ನೇರ ಶ್ವಾಸಕೋಶಕ್ಕೆ. ಚಳಿಜ್ವರ, ಕೆಮ್ಮು, ಎದೆನೋವು. ಎಕ್ಸರೇಯಲ್ಲಿ ಕಲೆ ಕಂಡು ನ್ಯುಮೋನಿಯಾ ಅಂತಲೋ ಟಿಬಿ ಅಂತಲೋ ಚಿಕಿತ್ಸೆ ಶುರುವಾಗಿರುತ್ತದೆ. ನಮ್ಮ ಹಳೆಯ ಸಿಸ್ಟರ್‌ಗಳಿಗೆ ಈ ಕಾಯಿಲೆ ಅಂದರೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಕವಾಟ ಹಾಳಾದವರದ್ದು. ಈ ಹುಡುಗರ ಕವಾಟ ಮೊದಲು ಚೆನ್ನಾಗಿಯೇ ಇರುತ್ತದೆ.

ಇದಿಷ್ಟು ಯಾವ ಡಾಕ್ಟರಾದರೂ ಹೇಳುತ್ತಾರೆ. ನನ್ನ ತಲೆನೋವು ಬೇರೆ. ಆ ಒಂದು ಪ್ರಶ್ನೆ ಕೇಳುವುದು ಹೇಗೆ?

‘ಇಂಜೆಕ್ಷನ್ ತಗೊಂಡಿದ್ದೀಯಾ?’ ಅಂದರೆ ಹುಡುಗನಿಗಿಂತ ಮೊದಲು ಅವನ ಅಮ್ಮ: ‘ಹೌದು ಸಿಸ್ಟರ್, ಎರಡು ಕೊಡಿಸಿದ್ದೆವು, ಆದರೂ ಜ್ವರ ಬಿಡಲಿಲ್ಲ.’ ಸರಿ, ‘ಸೂಜಿ ಚುಚ್ಚಿಕೊಳ್ಳುವ ಅಭ್ಯಾಸ ಇದೆಯಾ?’ ಅಂದರೆ ‘ಇಲ್ಲಪ್ಪ, ಅವನಿಗೆ ಸೂಜಿ ಅಂದರೆ ಹೆದರಿಕೆ.’ ‘ಡ್ರಗ್ಸ್’ ಅನ್ನುವ ಶಬ್ದ ಬಾಯಿಂದ ಬಿದ್ದರಂತೂ ಮುಗಿಯಿತು, ಅಪ್ಪ ಎದ್ದು ನಿಲ್ಲುತ್ತಾರೆ. ಅಮ್ಮನಿಗೆ ತಿಳಿಯದ ಭಾಷೆಯಲ್ಲಿ ಕೇಳಬಹುದಲ್ಲ ಅಂತೀಯಾ? ತುಳು ಅವರ ಮನೆಮಾತು. ಮಲಯಾಳ ಪೇಟೆಗೆ ಹೋಗಿ ಬಂದು ಕಲಿತದ್ದು. ಬ್ಯಾರಿ ಪಕ್ಕದ ಮನೆಯಿಂದ, ಕೊಂಕಣಿ ಶಾಲೆಯ ಟೀಚರಿಂದ. ಇಂಗ್ಲಿಷಿನಲ್ಲಿ ಕೇಳಿದೆ ಅನ್ನು, ‘ಅವರು ಏನಂದದ್ದು, ಸರಿಯಾಗಿ ಹೇಳು’ ಅಂತ ಮಗನಿಗೇ ತಿವಿಯುತ್ತಾರೆ. ಒಂದು ವಾರ್ಡಿನಲ್ಲಿ ಐದು ಭಾಷೆ ಅಂತ ನಾವು ಊರಿಡೀ ಹೆಮ್ಮೆಪಡುತ್ತೇವೆ. ಗುಟ್ಟು ಕೇಳಲು ಒಂದೂ ಇಲ್ಲ.

ಕೇಳದೆ ಬಿಡುವ ಹಾಗೂ ಇಲ್ಲ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನರಕ್ಕೇ ಆಂಟಿಬಯೋಟಿಕ್ ಹಾಕಬೇಕು. ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆಯೂ ಆಗಬೇಕು. ಪುಡಿ ಕರಗಿಸಲು ಲಿಂಬೆರಸ ಹಿಂಡಿದ್ದನೋ ಅಂತಲೂ ಗೊತ್ತಿರಬೇಕು, ಅದರಿಂದ ಫಂಗಸ್ ರಕ್ತಕ್ಕೆ ಸೇರುವುದುಂಟು. ಎಲ್ಲಕ್ಕಿಂತ ಮುಖ್ಯ, ಚುಚ್ಚಿಕೊಳ್ಳುತ್ತಿದ್ದದ್ದು ಹೆರಾಯಿನ್ ಥರದ್ದಾದರೆ ನಿಲ್ಲಿಸಿದ ಒಂದೆರಡು ದಿನದಲ್ಲೇ ಮೈಕೈ ನೋವು, ವಾಂತಿ, ನಿದ್ದೆಯಿಲ್ಲ. ನಾಲಿಗೆಯ ಅಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರೆ ತಡೆದುಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬನಿಗೆ ಅದನ್ನು ಕೊಡಲೇ ಇಲ್ಲ, ‘ನಾಟಕ’ ಅಂದರು. ನಾಲ್ಕನೇ ರಾತ್ರಿ ಕೈಯಲ್ಲಿ ಔಷಧಿ ಹಾಕುವ ಕ್ಯಾನುಲಾ ಕೊಳವೆ ಇರುವಂತೆಯೇ ಎದ್ದು ಹೋದ. ರಿಜಿಸ್ಟರಿನಲ್ಲಿ ‘ಹೇಳದೆ ಹೋದ’ ಅಂತ ಬರೆದೆವು. ನಾವು ಸರಿಯಾಗಿ ಕೇಳಲಿಲ್ಲ ಅಂತ ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ.

ಮನೆಯವರಿಗೆ ಪೊಲೀಸರ ಹೆದರಿಕೆ ಬೇರೆ. ಡ್ರಗ್ಸ್ ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲಿ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ರಕ್ಷಣೆ ಇದೆ ಅಂತ ಎಷ್ಟು ಹೇಳಿದರೂ, ಅಪ್ಪನ ಕಣ್ಣು ಬಾಗಿಲ ಕಡೆಗೇ.

ಈಗ ನಾನು ಬ್ಲಡ್ ಕಲ್ಚರಿನ, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಯ, ಹೊತ್ತಿಗೆ ಕಾಯುತ್ತೇನೆ. ಆಂಟಿಬಯೋಟಿಕ್ ಶುರು ಮಾಡುವ ಮೊದಲು ಮೂರು ಕಡೆಯಿಂದ ರಕ್ತ ತೆಗೆಯಬೇಕು. ಅಮ್ಮನನ್ನು ಏನಾದರೂ ತರಲು ಕೆಳಗಿನ ಮೆಡಿಕಲ್ಲಿಗೆ ಕಳಿಸುತ್ತೇನೆ. ಕಳೆದ ಸಲದ ಹುಡುಗನ ಮೊಣಕೈಯೊಳಗೆ ನರ ಒಣಗಿದ ಹಗ್ಗದ ಹಾಗೆ ಗಟ್ಟಿ. ಬೆರಳಿಟ್ಟು ಹುಡುಕಿದೆ, ಪಟ್ಟಿ ಬಿಗಿದೆ, ಇನ್ನೊಂದು ಕೈ ನೋಡಿದೆ. ನಾನೇನೂ ಕೇಳಲಿಲ್ಲ. ಅವನೇ ಮೆಲ್ಲಗೆ ಹೇಳಿದ, ‘ಕೈಯಲ್ಲಿ ಸಿಗ್ಲಿಕ್ಕಿಲ್ಲ ಸಿಸ್ಟರ್. ಕಾಲಲ್ಲಿ ನೋಡಿ, ಎಡಗಾಲಲ್ಲಿ ಒಂದು ಉಳಿದಿದೆ.’

ಪೊಟ್ಟಣ ಹಿಡಿದು ವಾಪಸ್ ಬಂದ ಅಮ್ಮ ಕೇಳಿದರು, ‘ಆಯೆ ದಾದ ಪಂಡೆ?’ ಅವನು ಏನು ಹೇಳಿದ ಅಂತ.

‘ನರ ಕಾಲಲ್ಲಿ ಸಿಗುತ್ತದಂತೆ’ ಅಂದೆ.