ಮೊದಲು ಟ್ರಾನ್ಸ್‌ಫಾರ್ಮರ್ ಉಳಿಸಿಕೊಳ್ಳಿ

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಪಕ್ಕದ ಬೀದಿಯ ಮನೆಯೊಂದರಲ್ಲಿ ಹಳೇ ಸಾಮಾನು ಮಾರುವಾಗ ಡೈನಾಕೋ ಸ್ಟೀರಿಯೋ 70 ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್ ಸಿಕ್ಕಿತು. ಮೂವತ್ತು ವರ್ಷದಿಂದ ಯಾರೂ ಹಾಕಿಲ್ಲವಂತೆ. ಹೊಸ ಡ್ರೈವರ್ ಬೋರ್ಡ್, ದೊಡ್ಡ ಕೆಪಾಸಿಟರ್ ಬ್ಯಾಂಕ್, ಸಿಲಿಕಾನ್ ರೆಕ್ಟಿಫೈಯರ್, ಆಯಿಲ್ ಕೆಪಾಸಿಟರ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲ ಸೇರಿದರೆ ಆಂಪ್ಲಿಫೈಯರ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಗುತ್ತದೆ. ನನಗೆ ಸಾಲ್ಡರಿಂಗ್ ಬರುತ್ತದೆ. ಎಲ್ಲಿಂದ ಶುರು ಮಾಡಲಿ? ಎರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತೇವೆ, ಆಗ ತರಬಹುದಾ?

ಉತ್ತರ: ಅದೃಷ್ಟವಂತರು ನೀವು. ಇನ್ನೂ ಪ್ಲಗ್ ಹಾಕಿಲ್ಲ ತಾನೇ? ಹಾಕಬೇಡಿ. ಮೂವತ್ತು ವರ್ಷ ಮಲಗಿದ್ದದ್ದನ್ನು ‘ಸುಮ್ನೆ ಒಂದ್ಸಲ ನೋಡೋಣ’ ಅಂತ ಎಬ್ಬಿಸಲು ಹೋಗಿ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಡೇವಿಡ್ ಹಾಫ್ಲರ್ ಅವರ ಕಂಪನಿ ಇದನ್ನು 1959ರಲ್ಲಿ ಮಾರುಕಟ್ಟೆಗೆ ತಂದಿತು. ಚಾನೆಲ್‌ಗೆ 35 ವ್ಯಾಟ್, ಸ್ಪೀಕರ್‌ಗೆ ಪವರ್ ಕೊಡುವ ಔಟ್‌ಪುಟ್ ವಾಲ್ವ್ ನಾಲ್ಕು ಇಎಲ್34, ಅವನ್ನು ನಡೆಸುವ ಡ್ರೈವರ್ ವಾಲ್ವ್ ಎರಡು 7199, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಒಂದು ಜಿಜೆಡ್34. ಬಹಳಷ್ಟು ಕಿಟ್ ರೂಪದಲ್ಲೇ ಮಾರಾಟವಾದವು. ಹಾಗಾಗಿ ನಿಮ್ಮದನ್ನು ಯಾರೋ ಊಟದ ಮೇಜಿನ ಮೇಲೆ ಕೂತು ಜೋಡಿಸಿರಬಹುದು. ತಳದ ಮುಚ್ಚಳ ತೆಗೆದು ಮೊದಲು ಬೆಸುಗೆ ನೋಡಿ. ಹೊಳಪಿಲ್ಲದೆ ಬೂದುಬೂದಾಗಿ ಕೂತ ಬೆಸುಗೆಗಳನ್ನು ಮತ್ತೆ ಕಾಯಿಸಿ. ಖರ್ಚಿಲ್ಲದ ಮೊದಲ ಅಪ್‌ಗ್ರೇಡ್ ಇದೇ.

ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದಕ್ಕೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಟ್ರಾನ್ಸ್‌ಫಾರ್ಮರ್‌ಗಳು ಉಳಿಯುತ್ತವಾ? ಒಂದು ಪವರ್ ಟ್ರಾನ್ಸ್‌ಫಾರ್ಮರ್, ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಈ ಆಂಪ್ಲಿಫೈಯರ್‌ನ ಜೀವ ಇರುವುದು ಈ ಮೂರರಲ್ಲಿ. ಅವನ್ನು ಉಳಿಸುವ ಕೆಲಸ ಈಗಲೇ ಆಗಲಿ. ಉಳಿದದ್ದು ಕಾಯಲಿ.

ಹಾಗೆ ನೋಡಿದರೆ ಮೊದಲು ಕೈ ಹಾಕಬೇಕಾದ್ದು ಬಯಾಸ್ ಸಪ್ಲೈಗೆ. ಇಎಲ್34ಗಳ ಗ್ರಿಡ್‌ಗೆ, ಅಂದರೆ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ಭಾಗಕ್ಕೆ, ಮೈನಸ್ ವೋಲ್ಟೇಜ್ ಕೊಡುವ ಪುಟ್ಟ ಸರ್ಕ್ಯೂಟ್ ಅದು. ಒಂದು ಸೆಲೆನಿಯಂ ರೆಕ್ಟಿಫೈಯರ್, ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ನೋಡಲು ಏನೂ ಅಲ್ಲ. ಆದರೆ ಅದು ಕೈಕೊಟ್ಟರೆ ವಾಲ್ವ್‌ಗಳಿಗೆ ಲಗಾಮೇ ಇಲ್ಲ. ಒಳಗಿನ ಪ್ಲೇಟ್ ಕೆಂಡದ ಹಾಗೆ ಕೆಂಪಗಾಗುತ್ತದೆ, ಹಿಂದೆಯೇ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ. ಸೆಲೆನಿಯಂ ತೆಗೆದು 1ಎನ್4007 ಡಯೋಡ್ ಹಾಕಿ, ಎರಡೂ ಕೆಪಾಸಿಟರ್ ಬದಲಿಸಿ. ಇಲ್ಲೊಂದು ಎಚ್ಚರ. ಇದು ಮೈನಸ್ ಸಪ್ಲೈ, ಆದ್ದರಿಂದ ಕೆಪಾಸಿಟರ್‌ನ ಪ್ಲಸ್ ಕಾಲು ಚಾಸಿಗೆ (ಲೋಹದ ಚೌಕಟ್ಟಿಗೆ) ಹೋಗಬೇಕು. ಇಷ್ಟು ಗೊತ್ತಿದ್ದೂ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಉಲ್ಟಾ ಹಾಕಿದ್ದೆ. ಢಬ್ ಅಂತ ಸಿಡಿದು, ಕಾಗದದ ಚೂರೆಲ್ಲ ಮೇಜಿನ ತುಂಬ. ಆ ವಾಸನೆ ಮೂರು ದಿನ ಹೋಗಲಿಲ್ಲ.

ಆಮೇಲೆ ಚಾಸಿಯ ಮೇಲೆ ನಿಂತಿರುವ ದೊಡ್ಡ ಅಲ್ಯೂಮಿನಿಯಂ ಡಬ್ಬಿ, ಅಂದರೆ ನಾಲ್ಕು ಭಾಗದ ಕೆಪಾಸಿಟರ್. ಮೂಲದಲ್ಲಿ 30-20-20-20 ಮೈಕ್ರೋಫ್ಯಾರಡ್. ಇಷ್ಟು ವರ್ಷ ಆದಮೇಲೆ ಅದನ್ನು ನಂಬಬೇಡಿ. ಅದೇ ಗಾತ್ರದ ಹೊಸ ಡಬ್ಬಿ ಸಿಗುತ್ತದೆ, 80-40-30-20 ಇರುವಂಥದ್ದು, 525 ವೋಲ್ಟ್‌ನದು. ಇದನ್ನು ಧಾರಾಳವಾಗಿ ಹಾಕಿ. ಆದರೆ 80ರ ಭಾಗ ಚೋಕ್ (ಡಿಸಿಯ ಏರಿಳಿತ ತಗ್ಗಿಸುವ ತಂತಿ ಸುರುಳಿ) ದಾಟಿದ ಮೇಲೆ ಇರಲಿ, ರೆಕ್ಟಿಫೈಯರ್ ಪಕ್ಕಕ್ಕೆ ಬೇಡ. ಜಿಜೆಡ್34ರ ಮುಂದೆ ನೇರವಾಗಿ 60 ಮೈಕ್ರೋಫ್ಯಾರಡ್‌ಗಿಂತ ಜಾಸ್ತಿ ಇಡಬಾರದು ಅಂತ ಅದರ ಡೇಟಾಶೀಟ್‌ನಲ್ಲೇ ಇದೆ. ನೂರಾರು ಮೈಕ್ರೋಫ್ಯಾರಡ್ ತುಂಬಿ ‘ಬೇಸ್ ಗಟ್ಟಿ ಆಯಿತು’ ಅನ್ನುವವರ ರೆಕ್ಟಿಫೈಯರ್‌ನಲ್ಲಿ ಒಂದು ದಿನ ಕಿಡಿ ಹಾರುತ್ತದೆ.

ಜಿಜೆಡ್34 ಜಾಗಕ್ಕೆ ಸಿಲಿಕಾನ್ ಪ್ಲಗ್? ನನ್ನ ಮತ ಬೇಡ. ಜಿಜೆಡ್34 ನಿಧಾನವಾಗಿ ಬಿಸಿಯಾಗುತ್ತದೆ. ಅಷ್ಟರಲ್ಲಿ ಇಎಲ್34ಗಳೂ ಎಚ್ಚರವಾಗುತ್ತವೆ. ಸಿಲಿಕಾನ್ ಆದರೆ ಸ್ವಿಚ್ ಹಾಕಿದ ಕ್ಷಣವೇ 500 ವೋಲ್ಟ್ ಆಸುಪಾಸು ಬಂದು ನಿಲ್ಲುತ್ತದೆ, ಎಳೆದುಕೊಳ್ಳುವ ವಾಲ್ವ್ ಮಾತ್ರ ಇನ್ನೂ ತಣ್ಣಗಿರುತ್ತದೆ. 525 ವೋಲ್ಟ್‌ನ ಡಬ್ಬಿಗೆ ದಿನಾ ಈ ಶಿಕ್ಷೆ ಯಾಕೆ? ನಿಮ್ಮದರಲ್ಲಿ ಹಳೇ ಮುಲಾರ್ಡ್ ಜಿಜೆಡ್34 ಇದ್ದರೆ ಅದನ್ನು ಜೋಪಾನವಾಗಿಡಿ.

ಡ್ರೈವರ್‌ನಿಂದ ಇಎಲ್34ಗೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳನ್ನೂ ಬದಲಿಸಿ, ಆದರೆ ಕಾರಣ ಸೌಂಡ್ ಅಲ್ಲ. ಹಳೆಯದು ಸೋರಿದರೆ ಡ್ರೈವರ್ ಕಡೆಯ ಡಿಸಿ ಇಎಲ್34ರ ಗ್ರಿಡ್‌ಗೆ ಇಳಿದು ಬಯಾಸನ್ನು ತಿಂದುಹಾಕುತ್ತದೆ. 0.1 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಸಾಧಾರಣ ಪಾಲಿಪ್ರೊಪಿಲೀನ್ ಸಾಕು. ಬೆರಳುಗಾತ್ರದ ಆಯಿಲ್ ಕೆಪಾಸಿಟರ್‌ನಲ್ಲಿ ಸಂಗೀತ ಬೇರೆ ಥರ ಕೇಳುತ್ತದೆ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ನನ್ನ ದುಡ್ಡನ್ನಂತೂ ಹಾಕಿಲ್ಲ.

ಎರಡು ತಂತಿಯ ಪವರ್ ಕಾರ್ಡ್ ತೆಗೆದು ಅರ್ಥ್ ಇರುವ ಮೂರು ತಂತಿಯದು ಹಾಕಿ. ಸ್ವಿಚ್ ಹಾಕಿದ ಕ್ಷಣ ನುಗ್ಗುವ ಕರೆಂಟನ್ನು ತಡೆಯುವ ಒಂದು ಇನ್‌ರಶ್ ಥರ್ಮಿಸ್ಟರ್ ಕೂಡ ಸೇರಿಸಿ.

ಈಗ ಎಬ್ಬಿಸಿ. ಪವರ್ ಲೈನ್‌ಗೆ ಸೀರೀಸ್‌ನಲ್ಲಿ 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಇರಲಿ, ಒಳಗೆ ಎಲ್ಲೋ ಶಾರ್ಟ್ ಇದ್ದರೆ ಕರೆಂಟನ್ನು ಅದೇ ತಡೆಯುತ್ತದೆ. ಎಲ್‌ಇಡಿ ನಡೆಯಲ್ಲ. ಜಿಜೆಡ್34 ಮತ್ತು ಇಎಲ್34 ತೆಗೆದಿಟ್ಟು ಸ್ವಿಚ್ ಹಾಕಿ. ರೆಕ್ಟಿಫೈಯರ್ ಇಲ್ಲದಿದ್ದರೂ ಬಯಾಸ್ ಬರುತ್ತದೆ. ಇಎಲ್34 ಸಾಕೆಟ್‌ನ 5ನೇ ಪಿನ್‌ನಲ್ಲಿ ಮೈನಸ್ 30ರಿಂದ 40 ವೋಲ್ಟ್ ಆಸುಪಾಸು ಕಾಣಬೇಕು. ನಾಲ್ಕೂ ಸಾಕೆಟ್‌ನಲ್ಲಿ ನೋಡಿ. ಅದು ಕಾಣುವ ತನಕ ವಾಲ್ವ್ ಹಾಕಬೇಡಿ. ಹಾಕುವಾಗ ಸ್ಪೀಕರ್ ಅಥವಾ ಡಮ್ಮಿ ಲೋಡ್ (ಸ್ಪೀಕರ್ ಬದಲಿಗೆ ಹಾಕುವ ದೊಡ್ಡ ರೆಸಿಸ್ಟರ್) ಸಿಕ್ಕಿಸಿರಲಿ. ಒಳಗಿರುವುದು 400 ವೋಲ್ಟ್ ದಾಟಿದ ಡಿಸಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ನೋಡಿಯೇ ಮುಟ್ಟಿ. ಇದು ಕೈಗೆ ಬಾರದ ಕೆಲಸ ಅನಿಸಿದರೆ ಇಲ್ಲಿಗೇ ನಿಲ್ಲಿಸಿ, ವಾಲ್ವ್ ಗೊತ್ತಿರುವವರಿಗೆ ಕೊಡಿ.

ಬಯಾಸ್ ಬಗ್ಗೆ ಇನ್ನೊಂದು ಮಾತು. ಇದರ ಮ್ಯಾನ್ಯುಯಲ್ 1.56 ವೋಲ್ಟ್‌ಗೆ ಇಡಿ ಅನ್ನುತ್ತದೆ. ಇದು ಗ್ರಿಡ್‌ನ ಮೈನಸ್ ವೋಲ್ಟೇಜ್ ಅಲ್ಲ, ವಾಲ್ವ್‌ನ ಕರೆಂಟ್ ಅಳೆಯುವ ರೆಸಿಸ್ಟರ್ ಮೇಲೆ ಕಾಣುವುದು. ಎರಡು ಇಎಲ್34ಗೆ ಸೇರಿ ಒಂದೇ 15.6 ಓಮ್ ರೆಸಿಸ್ಟರ್, ಅಂದರೆ ಒಟ್ಟು 100 ಮಿಲಿಆಂಪ್, ತಲಾ 50. ಆದರೆ ತಲಾ 50 ಅನ್ನುವುದು ನಂಬಿಕೆ ಅಷ್ಟೇ. ಒಂದು 65, ಇನ್ನೊಂದು 35 ಎಳೆಯುತ್ತಿದ್ದರೂ ಮೀಟರ್ 1.56 ಅಂತಲೇ ತೋರಿಸುತ್ತದೆ! ಅದಕ್ಕೇ ನಾನು ಪ್ರತಿ ವಾಲ್ವ್‌ಗೂ ಬೇರೆ ಬೇರೆ 10 ಓಮ್ ರೆಸಿಸ್ಟರ್ ಹಾಕುತ್ತೇನೆ. 0.4 ವೋಲ್ಟ್ ಕಂಡರೆ 40 ಮಿಲಿಆಂಪ್, ಲೆಕ್ಕ ಸುಲಭ. ಅಷ್ಟಕ್ಕೇ ಇಡಿ. ಇದು 117 ವೋಲ್ಟ್ ಕಾಲದ ಆಂಪ್ಲಿಫೈಯರ್, ನಿಮ್ಮ ಮನೆಯಲ್ಲಿ ಈಗ 120ರ ಮೇಲೇ ಇರುತ್ತದೆ. ಇದರ ಪವರ್ ಟ್ರಾನ್ಸ್‌ಫಾರ್ಮರ್ ಮೊದಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಹತ್ತು ಮಿಲಿಆಂಪ್ ಕಡಿಮೆಯಾದರೆ ಕಿವಿಗೆ ಗೊತ್ತಾಗಲ್ಲ, ಟ್ರಾನ್ಸ್‌ಫಾರ್ಮರ್‌ಗೆ ಗೊತ್ತಾಗುತ್ತದೆ.

ಡ್ರೈವರ್ ಬೋರ್ಡ್ ಕೊನೆಗೆ. 7199 ಚೆನ್ನಾಗಿದ್ದು, ಬೋರ್ಡ್ ಸುಟ್ಟು ಕಪ್ಪಾಗಿಲ್ಲದಿದ್ದರೆ ರೆಸಿಸ್ಟರ್‌ಗಳನ್ನು ಅಳೆದು, ದಾರಿ ತಪ್ಪಿದವನ್ನು ಮಾತ್ರ ಬದಲಿಸಿ. ಹಳೇ ಕಾರ್ಬನ್ ರೆಸಿಸ್ಟರ್‌ಗಳ ಓಮ್ ವರ್ಷ ಕಳೆದಂತೆ ಏರುತ್ತದೆ. ಈಗ 7199 ಸಿಗುವುದು ಕಷ್ಟ. ನಿಮ್ಮವು ಸತ್ತಿದ್ದರೆ 6ಜಿಎಚ್8ಎ ವಾಲ್ವ್ ಹಾಕುವ ಹಾಗೆ ಮಾಡಿದ ಬೋರ್ಡ್ ತನ್ನಿ. ಎರಡರ ಪಿನ್ ಜೋಡಣೆ ಬೇರೆ, ನೇರವಾಗಿ ಚುಚ್ಚಬೇಡಿ. ಪೂರಾ ಬೇರೆ ಸರ್ಕ್ಯೂಟ್‌ನ ಬೋರ್ಡ್‌ಗಳೂ ಇವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಮೂಲದ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಡುವ ಸರ್ಕ್ಯೂಟ್) ಅನ್ನು ಈ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೇ ಅಳತೆ ಕೊಟ್ಟು ಹೊಲಿದಿದ್ದಾರೆ. ಅದನ್ನು ಬದಲಿಸಿದರೆ ಆಂಪ್ಲಿಫೈಯರ್ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗಬಹುದು, ಅಂದರೆ ತಾನಾಗಿಯೇ ಸಿಗ್ನಲ್ ಹುಟ್ಟಿಸಬಹುದು. ಆಸಿಲೋಸ್ಕೋಪ್ ಇಲ್ಲದೆ ಆ ಕಡೆ ಹೋಗಬೇಡಿ. ಒಂದು ಮೂರು ತಿಂಗಳು ಮೂಲ ರೂಪದಲ್ಲೇ ಕೇಳಿ. ಆಮೇಲೂ ಏನೋ ಕಮ್ಮಿ ಅನಿಸಿದರೆ ಒಂದೊಂದೇ ಬದಲಿಸಿ.

ಬೆಂಗಳೂರಿಗೆ ಖಂಡಿತ ತನ್ನಿ. 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅಗ್ಗದ ಎಲೆಕ್ಟ್ರಾನಿಕ್ ಕನ್ವರ್ಟರ್ ಬೇಡ. ನಮ್ಮದು 50 ಹರ್ಟ್ಸ್, ಅಲ್ಲಿನದು 60. ಅದೇ ವೋಲ್ಟೇಜ್ ಕೊಟ್ಟರೆ ಇಲ್ಲಿ ಕೋರ್ ಜಾಸ್ತಿ ಬಿಸಿಯಾಗುತ್ತದೆ. ಆದ್ದರಿಂದ 120 ಅಲ್ಲ, 110 ವೋಲ್ಟ್ ಕೊಡುವಂಥದ್ದು ಮಾಡಿಸಿ. ಹೀಟರ್‌ಗೆ 6.3ರ ಬದಲು 5.9 ಸಿಗುತ್ತದೆ, ತೊಂದರೆ ಇಲ್ಲ. ಬಯಾಸ್ ಮಾತ್ರ ಮತ್ತೆ ಹೊಂದಿಸಿ.

ಪ್ರಶ್ನೆ: ಶಿವಮೊಗ್ಗದ ನಮ್ಮ ಮನೆಯ ರೇಡಿಯೋಗ್ರಾಂನಲ್ಲಿ ‘ಬಿಇಎಲ್’ ಅಂತ ಬರೆದ ಇಸಿಸಿ83, ಇಎಲ್84 ಇವೆ. ಫಾರಿನ್ ವಾಲ್ವ್ ಹಾಕಿದರೆ ಸೌಂಡ್ ಚೆನ್ನಾಗುತ್ತದೆ ಅನ್ನುತ್ತಾರೆ. ಹಾಕಿಸಲಾ?

ಉತ್ತರ: ಬೇಡ. ಬಿಇಎಲ್ ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಅವು ಬೆಂಗಳೂರಿನ ಜಾಲಹಳ್ಳಿಯಲ್ಲಿ ತಯಾರಾದ ವಾಲ್ವ್‌ಗಳು. ಹೊರದೇಶದ ವಾಲ್ವ್ ಹುಚ್ಚಿನವರೇ ಅವನ್ನು ಹುಡುಕಿ ಕೊಳ್ಳುತ್ತಾರೆ. ‘ಹಳೇದು ನನಗೆ ಕೊಡಿ, ಹೊಸದು ಹಾಕಿಕೊಡ್ತೀನಿ’ ಅಂತ ಯಾರಾದರೂ ಅಂದರೆ ಸ್ವಲ್ಪ ಯೋಚಿಸಿ. ನಿಮ್ಮ ಮೆಕ್ಯಾನಿಕ್‌ಗೆ ಇಎಲ್84ರ 2ನೇ ಪಿನ್‌ನಲ್ಲಿ ಡಿಸಿ ವೋಲ್ಟೇಜ್ ನೋಡಲು ಹೇಳಿ. ಅಲ್ಲಿ ಸೊನ್ನೆ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಪ್ಲಸ್ ಕಂಡರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಅಂತಲೇ ಮೊದಲು ಅನುಮಾನಿಸಿ. ಅದೊಂದನ್ನು ಹೊಸದು ಹಾಕಿಸಿ ಮತ್ತೆ ಅಳೆಯಲಿ. ಆಗಲೂ ಇಳಿಯದಿದ್ದರೆ ಮಾತ್ರ ವಾಲ್ವ್‌ನ ಮೇಲೆ ಅನುಮಾನ.