ಸಫ್‌ನಲ್ಲಿ ಆ ಮಗುವಿಗೂ ಜಾಗ ಕೊಡಿ

ಪ್ರಿಯ ಸಹೋದರಿ,

ಅಸ್ಸಲಾಮು ಅಲೈಕುಂ.

ನಿಮ್ಮ ಆರು ಪುಟದ ಪತ್ರ ಕೈಸೇರಿ ಮೂರು ವಾರವಾಯಿತು. ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವ ಪತ್ರ ಅದಲ್ಲ. ಹಾಗಾಗಿ ಈ ಸಲ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ಈ ಅಂಕಣವನ್ನು ಪೂರ್ತಿ ನಿಮಗೇ ಬಿಟ್ಟಿದ್ದೇನೆ. ಹೆಸರು, ಊರು ಬೇಡ ಎಂದಿದ್ದೀರಿ. ಹಾಕಿಲ್ಲ.

ಓದುಗರಿಗೆ ವಿಷಯ ತಿಳಿಯಲಿ. ಇವರು ಕರಾವಳಿಯ ಒಬ್ಬ ತಾಯಿ. ಪತಿ ಸೌದಿಯಲ್ಲಿ ದುಡಿಯುತ್ತಿದ್ದಾರೆ. ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ, ಆಡುವ ಮಾತು ಹತ್ತು ಹನ್ನೆರಡು ಶಬ್ದ ಅಷ್ಟೆ. ಅಜ್ಜ ಅವನನ್ನು ಜುಮಾಕ್ಕೆ ಕರೆದೊಯ್ಯುತ್ತಿದ್ದರು. ಒಂದು ಶುಕ್ರವಾರ ಹುಡುಗ ಮಸೀದಿಯ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟ. ನಮಾಝ್ ಮುಗಿಸಿ ಬಂದವರು ಬಿಟ್ಟ ಜಾಗದಲ್ಲಿ ಚಪ್ಪಲಿ ಕಾಣದೆ ರೇಗಿದರು. ಮತ್ತೊಂದು ವಾರ ಖುತ್ಬಾದ (ಪ್ರವಚನದ) ನಡುವೆ ಮೈಕ್ ಕೀರಲಿಟ್ಟಾಗ ಎರಡೂ ಕಿವಿ ಮುಚ್ಚಿ ಕಿರುಚಿಕೊಂಡು ಸಫ್‌ಗಳ (ನಮಾಝ್‌ನ ಸಾಲುಗಳ) ನಡುವೆ ಓಡಿದ. “ಇನ್ನು ಇವನನ್ನು ಕರೆತರಬೇಡಿ” ಎಂದರು ಕಮಿಟಿಯವರು. ಊರಿನ ಇನ್ನೊಂದು ಮಸೀದಿಯಲ್ಲೂ ಎರಡನೇ ವಾರಕ್ಕೆ ಅದೇ ಮಾತು ಬಂತು. ಮನೆಯಲ್ಲೂ ನೆಮ್ಮದಿಯಿಲ್ಲ. ದರ್ಗಾಕ್ಕೆ ಹರಕೆ ಹೊತ್ತು ನೂಲು ಕಟ್ಟಿಸು ಎಂದು ಗಂಡನ ಕಡೆಯವರು. ನೂಲು ಕಟ್ಟಿಸಿದರೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ, ಕುರ್‌ಆನ್ ಓದಿ ಊದುವ ರುಕ್ಯಾ ಮಾಡಿಸು ಎಂದು ಒಡಹುಟ್ಟಿದ ಅಣ್ಣ. ಕಳೆದ ಈದ್‌ಗೆ ಎರಡು ಕಡೆಯವರೂ ಬರಲಿಲ್ಲ. ಮಾಡಿಟ್ಟ ಬಿರಿಯಾನಿಯನ್ನು ನೆರೆಮನೆಗೆ ಕೊಟ್ಟೆ ಎಂದು ಬರೆದಿದ್ದಾರೆ. ಪತ್ರದ ಕೊನೆಯ ಸಾಲು: “ನನ್ನ ಯಾವ ಪಾಪಕ್ಕೆ ಈ ಶಿಕ್ಷೆ?”

ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಶಿಕ್ಷೆ ಅಲ್ಲ, ಸಹೋದರಿ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಪವಿತ್ರ ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳಿದೆ. ತಾಯಿಯ ತಪ್ಪನ್ನು ಮಗುವಿನ ಮೈಮೇಲೆ ಬರೆಯುವವನಲ್ಲ ಅಲ್ಲಾಹನು. ಬಸಿರಿನಲ್ಲಿದ್ದಾಗ ಗ್ರಹಣದ ಹೊತ್ತು ಹೊರಗೆ ಹೋಗಿದ್ದಿರಿ ಎಂದು ಅತ್ತೆ ಈಗಲೂ ಅನ್ನುತ್ತಾರಂತೆ. ಪ್ರವಾದಿಯವರ(ಸ) ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಆ ಸಾವಿಗೇ ಗ್ರಹಣ ಹಿಡಿಯಿತು ಎಂದು ಜನ ಆಡಿಕೊಂಡಾಗ, ಸೂರ್ಯ ಚಂದ್ರರಿಗೆ ಯಾರ ಸಾವಿನಿಂದಲೂ ಯಾರ ಹುಟ್ಟಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರು ಅದೇ ದಿನ ತಿದ್ದಿದರು. ಮಗನನ್ನು ಕಳೆದುಕೊಂಡ ತಂದೆ ಅಂದು ಆಡಿದ ಮಾತು ಅದು. ಅತ್ತೆಗೆ ಓದಿ ಹೇಳಿ.

ವೈದ್ಯರೂ ತಾಯಂದಿರನ್ನು ದೂರಿದ ಕಾಲವೊಂದಿತ್ತು. ಲಿಯೊ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದ ಮೇಲೆ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂತು. ಅದರ ನಂತರ ಅಮೆರಿಕದಲ್ಲಿ ಎಷ್ಟೋ ವರ್ಷ, ತಾಯಿ ಮಗುವಿಗೆ ಪ್ರೀತಿ ತೋರಿಸದ್ದರಿಂದ ಹೀಗಾಗುತ್ತದೆ ಎಂದು ದೊಡ್ಡ ದೊಡ್ಡವರೇ ನಂಬಿದ್ದರು. ಆ ವಾದವನ್ನು ವಿಜ್ಞಾನ ಎಂದೋ ಕಸದಬುಟ್ಟಿಗೆ ಹಾಕಿದೆ. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಲಂಡನ್ನಿನ ಒಬ್ಬ ವೈದ್ಯ ಬರೆದ. 2010ರಲ್ಲಿ ಆ ಲೇಖನವನ್ನು ಪತ್ರಿಕೆ ಹಿಂದಕ್ಕೆ ಪಡೆಯಿತು, ಅವನ ವೈದ್ಯ ನೋಂದಣಿಯೂ ಹೋಯಿತು. ಮಿದುಳು ಬೆಳೆಯುವ ಬಗೆಯೇ ಬೇರೆಯಾಗಿರುವುದು ಆಟಿಸಂ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ನಿಮ್ಮ ಎದೆಹಾಲಿನಲ್ಲಿ ಕೊರತೆ ಇರಲಿಲ್ಲ, ನಿಮ್ಮ ಪ್ರೀತಿಯಲ್ಲೂ ಇರಲಿಲ್ಲ.

ಇನ್ನು ಮಸೀದಿಯ ವಿಷಯ. ಇದನ್ನು ಬರೆಯುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು.

ಹಲವು ವರ್ಷಗಳ ಹಿಂದೆ ಒಂದು ರಮಝಾನ್ ರಾತ್ರಿ ತರಾವೀಹ್ ನಮಾಝ್‌ನಲ್ಲಿ ನನ್ನ ಹಿಂದಿನ ಸಫ್‌ನಲ್ಲಿ ಒಬ್ಬ ಹುಡುಗ ನಿಂತಿದ್ದ. “ಊಂ... ಊಂ...” ಎಂದು ಒಂದೇ ಸ್ವರದಲ್ಲಿ ಗುನುಗುತ್ತಲೇ ಇದ್ದ. ನಾಲ್ಕು ರಕಅತ್ ಮುಗಿದು ಸಲಾಮ್ ಕೊಟ್ಟ ಕೂಡಲೇ ತಿರುಗಿ ಅವನ ತಂದೆಯನ್ನು ನೋಡಿದೆ. ಬಾಯಿ ಬಿಡಲಿಲ್ಲ, ಬರೀ ನೋಡಿದೆ. ಆತ ತಲೆ ತಗ್ಗಿಸಿ, ಮಗನ ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡು, ಅವನ ಕೈಹಿಡಿದು ಎದ್ದುಹೋದರು. ಆ ತಿಂಗಳು ಮತ್ತೆ ಆ ಇಬ್ಬರೂ ಬರಲಿಲ್ಲ. ಜೇಬಿನಿಂದ ಅರ್ಧ ಹೊರಗಿದ್ದ ಆ ಪುಟ್ಟ ಬಿಳಿ ಟೊಪ್ಪಿ ನಿಮ್ಮ ಪತ್ರ ಓದುವಾಗ ಮತ್ತೆ ಕಣ್ಣಮುಂದೆ ಬಂತು. ಒಂದು ನೋಟದಿಂದ ನಾನು ಅಲ್ಲಾಹನ ಮನೆಯಿಂದ ಇಬ್ಬರನ್ನು ಹೊರಗೆ ಕಳಿಸಿದೆ. ಅಲ್ಲಾಹನು ನನ್ನನ್ನು ಕ್ಷಮಿಸಲಿ. ಆ ತಂದೆ ಈ ಪತ್ರಿಕೆ ಓದುವವರಾಗಿದ್ದರೆ, ಅವರೂ ಕ್ಷಮಿಸಲಿ.

ಹಾಗಾಗಿ ಆ ಎರಡೂ ಕಮಿಟಿಗಳ ಮೇಲೆ ಎತ್ತರದಲ್ಲಿ ನಿಂತು ತೀರ್ಪು ಕೊಡಲು ನನಗೆ ಬಾಯಿಲ್ಲ. ಆದರೆ ಪ್ರವಾದಿಯವರ(ಸ) ಮಸೀದಿ ಹೇಗಿತ್ತು ಎಂಬುದನ್ನು ನೆನಪಿಸಬಹುದಲ್ಲ. ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರು ಜನರಿಗೆ ನಮಾಝ್‌ನಲ್ಲಿ ಇಮಾಮತ್ ಮಾಡಿದ್ದಾರೆ. ಬಾಗುವಾಗ ಕೆಳಗಿಡುತ್ತಿದ್ದರು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ನಮಾಝ್ ದೀರ್ಘಗೊಳಿಸಬೇಕೆಂದು ನಿಂತವರು ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾದೀತೆಂದು ಚುಟುಕಾಗಿ ಮುಗಿಸುತ್ತಿದ್ದರು. ಹಳ್ಳಿಗನೊಬ್ಬ ಮಸೀದಿಯೊಳಗೇ ಮೂತ್ರ ಮಾಡಿದಾಗ ಸಹಾಬಿಗಳು (ಸಂಗಡಿಗರು) ಮೇಲೆರಗಲು ಹೋದರು. ಬಿಡಿ, ಮುಗಿಸಲಿ ಎಂದರು ಪ್ರವಾದಿಯವರು, ಆಮೇಲೆ ಒಂದು ಕೊಡ ನೀರು ತರಿಸಿ ಸುರಿಸಿದರು. ಬುದ್ಧಿಯಲ್ಲಿ ಏನೋ ತೊಂದರೆಯಿದ್ದ ಹೆಣ್ಣುಮಗಳೊಬ್ಬಳು “ನಿಮ್ಮಿಂದ ನನಗೊಂದು ಕೆಲಸ ಆಗಬೇಕು” ಎಂದಾಗ, ಯಾವ ಓಣಿಯಲ್ಲಿ ಬೇಕೋ ಹೇಳು ಎಂದು ಅವಳೊಂದಿಗೆ ಹೋಗಿ, ಅವಳ ಕೆಲಸ ಮುಗಿಯುವವರೆಗೂ ದಾರಿಯಲ್ಲಿ ನಿಂತರು. ಪ್ರವಾದಿಯವರು ಮಕ್ಕಾದ ಕುರೈಶಿ ಮುಖಂಡರೊಂದಿಗೆ ಮಾತಿನಲ್ಲಿದ್ದಾಗ ಬಂದ ಕುರುಡ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರತ್ತ ಮುಖ ಗಂಟಿಕ್ಕಿದ್ದಕ್ಕೆ ಕುರ್‌ಆನಿನ ‘ಅಬಸ’ ಸೂರಾ ಅವತೀರ್ಣವಾಯಿತು. ಕುರುಡರಿಗೆ ಆ ಗಂಟು ಕಾಣುವುದೂ ಇಲ್ಲ, ಆದರೂ ಅಲ್ಲಾಹನು ಸುಮ್ಮನಿರಲಿಲ್ಲ. ಮುಂದೆ ಅದೇ ಇಬ್ನು ಉಮ್ಮಿ ಮಕ್ತೂಮ್ ಮದೀನಾದ ಮಸೀದಿಯಲ್ಲಿ ಬಿಲಾಲರ ಜೊತೆಗೆ ಅಝಾನ್ ಕೊಡುವವರಾದರು.

ಕಮಿಟಿಯ ಹಿರಿಯರೇ, ಸಫ್ ನೇರ ಮಾಡಿ ಎಂದು ದಿನಕ್ಕೆ ಐದು ಸಲ ಕೇಳುತ್ತೇವೆ. ಅಬೂದಾವೂದ್ ಗ್ರಂಥದಲ್ಲಿರುವ ಆ ಹದೀಸಿನ (ಪ್ರವಾದಿ ವಚನದ) ನಡುವೆ ಇನ್ನೊಂದು ಮಾತಿದೆ, ಅದನ್ನು ನಾವು ಜಾರಿಸಿಬಿಡುತ್ತೇವೆ. ಭುಜಗಳನ್ನು ಸರಿಹೊಂದಿಸಿ, ಸಂದುಗಳನ್ನು ಮುಚ್ಚಿ, ನಿಮ್ಮ ಸಹೋದರರ ಕೈಗಳಿಗೆ ಮೃದುವಾಗಿರಿ ಎಂದಿದ್ದಾರೆ. ಸಫ್ ಜೋಡಿಸಿದವನನ್ನು ಅಲ್ಲಾಹನು ಜೋಡಿಸುತ್ತಾನೆ, ಕಡಿದವನನ್ನು ಕಡಿಯುತ್ತಾನೆ ಎಂದೂ ಇದೆ. ಆ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ಒಮ್ಮೆ ನೆನೆಯಿರಿ. ಮಾತು ಬಾರದ ಆ ಹುಡುಗ ಒಳಗೆ ನೀವೆಲ್ಲ ಸಾಲಾಗಿ ನಿಲ್ಲುವುದನ್ನು ವಾರವಾರ ನೋಡಿದ್ದ. ಹೊರಗೆ ಬಂದು ತನ್ನ ಕೈಗೆ ಸಿಕ್ಕಿದ್ದನ್ನು ಸಾಲಾಗಿ ನಿಲ್ಲಿಸಿದ. ಹಾಗೆಯೇ ಇರಬೇಕೆಂದಿಲ್ಲ, ಆಟಿಸಂ ಇರುವ ಅನೇಕ ಮಕ್ಕಳು ಸಿಕ್ಕಿದ್ದನ್ನೆಲ್ಲ ಸಾಲು ಜೋಡಿಸುತ್ತಾರೆ. ಆದರೂ ಆ ಚಪ್ಪಲಿಗಳನ್ನು ನಾನು ಹಾಗೆಯೇ ಓದಿಕೊಂಡೆ.

ಸಹೋದರಿ, ಕೆಲವು ಕೆಲಸದ ಮಾತುಗಳು. ಇಂಥ ಮಕ್ಕಳ ಜೊತೆ ಬಾಳಿದ ತಂದೆತಾಯಿಗಳಿಂದ, ಥೆರಪಿ ಕೊಡುವವರಿಂದ ಕೇಳಿ ತಿಳಿದದ್ದು ಇವು. ಸೀದಾ ಜುಮಾಕ್ಕೆ ಬೇಡ. ಜುಮಾ ಅಂದರೆ ಗದ್ದಲ, ಅತ್ತರಿನ ವಾಸನೆ, ಮೈಕ್, ಮೈಗೆ ಮೈ ತಾಗುವ ಇಕ್ಕಟ್ಟು. ನಮಗೆ ಸಣ್ಣದೆನಿಸುವ ಸದ್ದು ಅವನ ಕಿವಿಗೆ ಗರಗಸ. ಸಂಜೆಯ ಅಸರ್ ನಮಾಝ್ ಮುಗಿದು ಮಸೀದಿ ಖಾಲಿಯಿರುವ ಹೊತ್ತಿಗೆ ಅಜ್ಜ ಅವನನ್ನು ಕರೆದೊಯ್ಯಲಿ. ಹೌಝ್‌ನ (ಕೊಳದ) ನೀರು, ಕಂಬಗಳು, ಫ್ಯಾನು, ಬಾಗಿಲು ಎಲ್ಲ ಅವನಿಗೆ ಪರಿಚಯವಾಗಲಿ. ನಮಾಝ್‌ಗೆ ಮುನ್ನ ಕೈಕಾಲು ಮುಖ ತೊಳೆಯುವ ವುಝೂವಿನ ಒಂದೊಂದು ಹಂತವನ್ನು ಫೋಟೊ ತೆಗೆದು ಕಾರ್ಡ್ ಮಾಡಿ ನಳ್ಳಿಯ ಬಳಿ ಅಂಟಿಸಿ. ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಇರಲಿ. ನಿಲ್ಲುವುದು ಕೊನೆಯ ಸಫ್‌ನ ತುದಿ, ಬಾಗಿಲ ಪಕ್ಕ. ಬೇಸರವಾದರೆ ಯಾರನ್ನೂ ದಾಟದೆ ಹೊರಬರಬಹುದು. ಮೊದಲ ದಿನ ಒಂದೇ ಸಜ್ದಾ ಸಿಕ್ಕಿದರೂ ಅಲ್‌ಹಮ್ದುಲಿಲ್ಲಾಹ್ ಎನ್ನಿ. ದಿನವೂ ಒಂದೇ ಕ್ರಮ, ಒಂದೇ ದಿಕ್ಕು, ಅದೇ ಚಲನೆ, ಅದೇ ಪದಗಳು. ಹೀಗೆ ಬದಲಾಗದ ಕ್ರಮವನ್ನೇ ಇಷ್ಟಪಡುವ ಮಗುವಿಗೆ ನಮಾಝ್ ಎಷ್ಟೋ ಸಲ ನಮಗಿಂತ ಬೇಗ ಒಗ್ಗುತ್ತದೆ.

ಅವನಿಗೆ ನಮಾಝ್, ಉಪವಾಸ ಕಡ್ಡಾಯವೇ ಎಂದು ಕೇಳಿದ್ದೀರಿ. ಮಗು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ಸ್ವಾಧೀನವಿಲ್ಲದವನಿಗೆ ಅದು ಮರಳುವವರೆಗೆ ಲೇಖನಿ ಎತ್ತಲ್ಪಟ್ಟಿದೆ, ಅಂದರೆ ಅವರ ಲೆಕ್ಕ ಬರೆಯುವುದಿಲ್ಲ ಎಂದು ಹದೀಸ್ ಇದೆ. ಆದರೆ ಆಟಿಸಂ ಅಂದ ಮಾತ್ರಕ್ಕೆ ಬುದ್ಧಿ ಇಲ್ಲ ಎಂದಲ್ಲ. ಮಾತು ಬಾರದಿದ್ದರೂ ಎಲ್ಲ ಅರ್ಥವಾಗುವ ಮಕ್ಕಳಿದ್ದಾರೆ. ಪ್ರಾಯಕ್ಕೆ ಬಂದಾಗ ಅವನಿಗೆ ಎಷ್ಟು ತಿಳಿಯುತ್ತದೆ ಎಂದು ನೋಡಿ, ಅವನನ್ನು ಬಲ್ಲ ವಿದ್ವಾಂಸರನ್ನು ಆಗ ಕೇಳಿ. ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಾನು ವೈದ್ಯನಲ್ಲ. ಇದನ್ನು ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಮಾತಿನ ತರಬೇತಿ, ಆಕ್ಯುಪೇಶನಲ್ ಥೆರಪಿ, ನಡವಳಿಕೆಯ ತರಬೇತಿ ಇವುಗಳಿಂದ ಬದುಕು ಹಗುರಾಗುತ್ತದೆ, ಒಂಬತ್ತು ವರ್ಷ ತಡವೂ ಅಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ನಮ್ಮ ರಾಜ್ಯದಲ್ಲೇ ಇವೆ. ಸ್ಟೆಮ್ ಸೆಲ್ ಹಾಕಿ ಗುಣಪಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿಗೆ ಬಾಗಿಲು ತೆರೆಯಬೇಡಿ. ಜಿನ್ನ್ ಬಿಡಿಸುತ್ತೇನೆಂದು ಮಗುವಿನ ಮೇಲೆ ಕೈಮಾಡುವವನಿಗಂತೂ, ಯಾವ ಪಂಗಡದವನಾದರೂ ಸರಿ, ನಿಮ್ಮ ಅಂಗಳದಲ್ಲೂ ಜಾಗ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್ ಮಾಡಿಸಿ. 1999ರ ನ್ಯಾಶನಲ್ ಟ್ರಸ್ಟ್ ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ಥೆರಪಿಗೂ ಅದರಲ್ಲಿ ಪಾಲಿದೆ. ಅವನಿಗೆ ಹದಿನೆಂಟು ತುಂಬಿದ ಮೇಲೆ ಬೇಕಾದರೆ ಕಾನೂನುಬದ್ಧ ಪೋಷಕರಾಗಲು ಅರ್ಜಿ ಹಾಕುವುದೂ ಅದೇ ಕಾಯ್ದೆಯಡಿ. ಪತಿ ರಜೆಗೆ ಬಂದಾಗ ಈ ಕಾಗದಪತ್ರಗಳನ್ನು ಜೊತೆಯಾಗಿ ಕೂತು ಮುಗಿಸಿ.

ಈಗ ನಿಮ್ಮ ಮನೆಯ ಎರಡು ಪಕ್ಷಗಳು. ನೂಲು, ಹರಕೆ, ರುಕ್ಯಾ ಇವುಗಳ ಬಗ್ಗೆ ನನಗೊಂದು ನಿಲುವಿದೆ, ಈ ಪತ್ರಿಕೆಯಲ್ಲಿ ಹಲವು ಸಲ ಬರೆದಿದ್ದೇನೆ. ಇಂದು ಅದನ್ನು ಎತ್ತುವುದಿಲ್ಲ. ನಾನು ಒಬ್ಬರ ಪರ ನಿಂತರೆ ಆ ಪುಟ ನಿಮ್ಮ ಮನೆಯಲ್ಲಿ ಇನ್ನೊಬ್ಬರ ಮುಖಕ್ಕೆ ಹಿಡಿಯುವ ಆಯುಧವಾಗುತ್ತದೆ. ಬದಲಿಗೆ ಈ ಒಂದು ಭಾಗವನ್ನು ಅವರಿಗೇ ಬರೆಯುತ್ತೇನೆ. ಪುಟ ಹರಿದು ಕೈಗೆ ಕೊಡಿ.

ಆ ಮಗುವಿನ ದೊಡ್ಡಪ್ಪ, ಚಿಕ್ಕಪ್ಪಂದಿರೇ, ಮಾವನವರೇ, ನೀವಿಬ್ಬರೂ ಅವನನ್ನು ಪ್ರೀತಿಸುತ್ತೀರಿ, ಇಲ್ಲದಿದ್ದರೆ ಇಷ್ಟು ಜಗಳ ಇರುತ್ತಿರಲಿಲ್ಲ. ನಿಮ್ಮ ನಡುವಿನ ಮಸ್‌ಅಲ (ಧಾರ್ಮಿಕ ಪ್ರಶ್ನೆ) ಈ ಮನೆಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಆದರೆ ದುಆ ಮಾಡಲು ನಿಮ್ಮಿಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ, ಔಷಧ ಮಾಡಿಸಲೂ ಇಲ್ಲ. ಆ ತಾಯಿ ಐದು ವರ್ಷದಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲ ಎಂದು ಬರೆದಿದ್ದಾರೆ. ಹುಡುಗ ಎರಡು ಗಂಟೆಗೆ ಎದ್ದು ಲೈಟ್ ಹಾಕಿ ಆರಿಸಿ ಹಾಕಿ ಆರಿಸಿ ಬೆಳಗು ಮಾಡುತ್ತಾನಂತೆ. ವಾರದಲ್ಲಿ ಒಂದು ರಾತ್ರಿ ಅಣ್ಣನ ಮನೆಯವರು, ಒಂದು ರಾತ್ರಿ ಗಂಡನ ಮನೆಯವರು ಅಲ್ಲಿ ಇದ್ದು ಅವನನ್ನು ನೋಡಿಕೊಳ್ಳಲಾಗದೆ? ಥೆರಪಿಯ ಫೀಸ್ ಹಂಚಿಕೊಳ್ಳಲಾಗದೆ? ಸತ್ಯವಿಶ್ವಾಸಿಗಳು ಒಂದೇ ದೇಹದಂತೆ, ಒಂದು ಅಂಗ ನೊಂದರೆ ಇಡೀ ದೇಹ ನಿದ್ದೆಗೆಟ್ಟು ಜ್ವರದಿಂದ ಸ್ಪಂದಿಸುತ್ತದೆ ಎಂದು ಪ್ರವಾದಿಯವರು ಹೇಳಿದ್ದಾರೆ. ನಿದ್ದೆಗೆಡುವುದು ಎಂಬ ಮಾತೇ ಆ ಹದೀಸಿನಲ್ಲಿದೆ. ಆ ಮನೆಯಲ್ಲಿ ನಿದ್ದೆಗೆಟ್ಟವರು ಒಬ್ಬರೇ. ಐಕ್ಯದ ಬಗ್ಗೆ ವೇದಿಕೆಗಳಲ್ಲಿ ನಾನೂ ಮಾತಾಡಿದ್ದೇನೆ, ಎರಡು ಸಂಘಟನೆಯವರು ಕೈಕುಲುಕುವ ಫೋಟೊ ಮುಖಪುಟದಲ್ಲಿ ಹಾಕಿದ್ದೇನೆ. ನಿಮ್ಮಿಬ್ಬರಲ್ಲಿ ಯಾರು ಮೊದಲು ಆ ಹೊಸ್ತಿಲು ದಾಟಿ ಬಂದು “ಇವತ್ತು ನೀನು ಮಲಗು, ನಾನು ಎಚ್ಚರ ಇರುತ್ತೇನೆ” ಅನ್ನುತ್ತೀರೋ, ಅದು ನನಗೆ ಆ ಎಲ್ಲ ಫೋಟೊಗಳಿಗಿಂತ ದೊಡ್ಡದು.

ಸಹೋದರಿ, ನಿಮ್ಮ ಊರು ಯಾವುದೆಂದು ನನಗೆ ತಿಳಿದಿದೆ. ಮಸೀದಿಯ ಖತೀಬರು ಒಪ್ಪಿದರೆ ಮುಂದಿನ ತಿಂಗಳು ಒಂದು ದಿನ ಅಸರ್‌ಗೆ ಬರುತ್ತೇನೆ. ಅಜ್ಜ ಮತ್ತು ಮೊಮ್ಮಗನ ಜೊತೆ ಬಾಗಿಲ ಪಕ್ಕದ ಆ ಕೊನೆಯ ಸಫ್‌ನಲ್ಲೇ ನಿಲ್ಲುತ್ತೇನೆ. ನನ್ನ ಚಪ್ಪಲಿ ಒಂಬತ್ತನೇ ನಂಬರಿನದು. ಮೆಟ್ಟಿಲ ಬಳಿ ಬಿಟ್ಟು ಹೋಗುತ್ತೇನೆ, ಎಲ್ಲಿಡಬೇಕೆಂದು ಅವನಿಗೆ ಗೊತ್ತು.

— ಸಂಪಾದಕ