ಓರೆ ಕತ್ತರಿಯ ಮ್ಯಾಡ್ಲೀನ್ ವಿಯೊನೆ

ಬಯಾಸ್ ಕಟ್ (ಓರೆ ಕತ್ತರಿಕೆ) ಕಂಡುಹಿಡಿದವರು ಫ್ರೆಂಚ್ ಉಡುಪು ವಿನ್ಯಾಸಕಿ ಮ್ಯಾಡ್ಲೀನ್ ವಿಯೊನೆ ಅವರೇನಾ ಅಂತ ಕೇಳಿದ್ದೀರಿ. ಅಲ್ಲ, ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದು ಮೊದಲೇ ಇತ್ತು. ಆದರೆ ಇಡೀ ಉಡುಪನ್ನೇ ಹಾಗೆ ಕತ್ತರಿಸಿ ಗೆದ್ದವರು ಅವರು. ಎಳೆಗಳು 45 ಡಿಗ್ರಿ ಓರೆಯಾದಾಗ ಬಟ್ಟೆ ಹಿಗ್ಗುತ್ತದೆ, ಸೊಂಟ ಬಿಗಿಯುವ ಒಳ ಉಡುಪಾದ ಕಾರ್ಸೆಟ್ ಇಲ್ಲದೆಯೇ ಮೈಗೆ ಹೊಂದಿಕೊಳ್ಳುತ್ತದೆ. ಚಿಕ್ಕ ಮರದ ಬೊಂಬೆಗೆ ಬಟ್ಟೆ ಸುತ್ತಿ, ಪಿನ್ ಚುಚ್ಚಿ ವಿನ್ಯಾಸ ಮಾಡುತ್ತಿದ್ದರು. ನಕಲು ತಡೆಯಲು ಲೇಬಲ್ ಮೇಲೆ ತಮ್ಮ ಹೆಬ್ಬೆರಳ ಗುರುತನ್ನೇ ಒತ್ತುತ್ತಿದ್ದರು!

ನನಗೆ ಇನ್ನೂ ಜಾಸ್ತಿ ಗೌರವ ಬೇರೆ ಕಾರಣಕ್ಕೆ. ಚಿಕ್ಕ ಹುಡುಗಿಯಾಗಿದ್ದಾಗಲೇ ಹೊಲಿಗೆಗೆ ಸೇರಿದವರು ಅವರು. ಪ್ಯಾರಿಸ್‌ನ ತಮ್ಮ ಸಂಸ್ಥೆಯಲ್ಲಿ ಕೆಲಸದವರಿಗೆ ಸಂಬಳದ ರಜೆ, ಡಾಕ್ಟರ್, ಶಿಶುವಿಹಾರ ಎಲ್ಲ ಕೊಟ್ಟರು. 1939ರಲ್ಲಿ ಸಂಸ್ಥೆ ಮುಚ್ಚಿತು. 1952ರಲ್ಲಿ ಅವರು ದಾನ ಕೊಟ್ಟ ಉಡುಪುಗಳು ಈಗ ಪ್ಯಾರಿಸ್‌ನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿವೆ. ಹೊಲಿಗೆ ಕಲಿಯುತ್ತಿದ್ದರೆ ಅವುಗಳ ಫೋಟೊ ಖಂಡಿತ ನೋಡಿ.